ಸತ್ತವರ ಹಸಿವು, ಬದುಕಿದವರ ರೊಟ್ಟಿ



ಸತ್ತವರು ಎದ್ದು ನಡೆದಾಡುವ ಕಥೆಗಳೆಂದರೆ ನಮ್ಮ ಕಾಲೇಜು ಹುಡುಗ ಹುಡುಗಿಯರಿಗೆ ಇಷ್ಟ. ಜಾಂಬಿ ಎಂಬ ಹೆಸರು ಈಗ ರಾಯಚೂರಿನ ಮಕ್ಕಳಿಗೂ ಹೊಸದಲ್ಲ. 2021ರಲ್ಲಿ ಬಂದ ‘ಜಾಂಬಿ ರೆಡ್ಡಿ’ ಎಂಬ ತೆಲುಗು ಸಿನಿಮಾ ತನ್ನ ಕಥೆಯನ್ನು ನಮ್ಮ ನೆರೆಯ ಕರ್ನೂಲು ಸೀಮೆಗೇ ತಂದು ನಿಲ್ಲಿಸಿತು. ಮನೆಯ ಹಿರಿಯರಿಗೆ ಮಾತ್ರ ಇದು ಹಿಡಿಸುವುದಿಲ್ಲ. ಹೆಣ, ರಕ್ತ, ಹೊಡೆದಾಟ, ಇದರಲ್ಲಿ ಓದುವಂಥದ್ದು ಏನಿದೆಯಪ್ಪಾ ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಇಂಥ ಒಂದು ಕಥೆಯನ್ನು ಕೈಗೆತ್ತಿಕೊಂಡು, ಗ್ರೀಕರ ಪುರಾಣದ ಪಕ್ಕದಲ್ಲೂ ನಮ್ಮ ಜಿಲ್ಲೆಯ ಮಾನ್ವಿ, ದೇವದುರ್ಗದ ಕಥೆಗಳ ಪಕ್ಕದಲ್ಲೂ ಇಟ್ಟು ನೋಡಿದರೆ ಆ ಪ್ರಶ್ನೆಗೆ ನನಗೆ ಕಂಡ ಉತ್ತರ ಸಿಗುತ್ತದೆ.

ಕಥೆಯ ಹೆಸರು ‘ದಿ ವಾಕಿಂಗ್ ಡೆಡ್’. ಅಮೆರಿಕದ ರಾಬರ್ಟ್ ಕರ್ಕ್‌ಮನ್ ಬರೆದ ಚಿತ್ರಕಥೆ. ಮೊದಲ ಆರು ಸಂಚಿಕೆಗಳಿಗೆ ಟೋನಿ ಮೂರ್ ಚಿತ್ರ ಬರೆದರು, ಅಲ್ಲಿಂದ ಮುಂದೆ ಚಾರ್ಲಿ ಆಡ್ಲರ್ಡ್. 2003ರ ಅಕ್ಟೋಬರಿನಲ್ಲಿ ಶುರುವಾಗಿ 2019ರ ಜುಲೈ ತಿಂಗಳಲ್ಲಿ 193ನೆಯ ಸಂಚಿಕೆಗೆ ಮುಗಿಯಿತು. ಒಳಪುಟಗಳೆಲ್ಲ ಕಪ್ಪು ಬಿಳುಪು. ಕರ್ಕ್‌ಮನ್ ಗ್ರೀಕ್ ಪುರಾಣವನ್ನು ಮುಂದಿಟ್ಟುಕೊಂಡು ಬರೆದರೆಂದು ನಾನು ಹೇಳುತ್ತಿಲ್ಲ. ಸಾವಿನ ಬಾಗಿಲಲ್ಲಿ ನಿಂತು ಕಥೆ ಕಟ್ಟುವವರು ಯಾವ ಸೀಮೆಯವರಾದರೂ ಕೆಲವು ಹಾದಿಗಳನ್ನು ತುಳಿಯದೆ ಇರಲಾರರು, ಅಷ್ಟೆ.

ರಿಕ್ ಗ್ರೈಮ್ಸ್ ಎಂಬ ಪೊಲೀಸಿನವನು ಗುಂಡೇಟು ತಿಂದು ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದಾನೆ. ಕಣ್ಣು ಬಿಟ್ಟಾಗ ಊರಲ್ಲಿ ಯಾರೂ ಇಲ್ಲ, ಹೆಣಗಳು ಓಡಾಡುತ್ತಿವೆ. ಹೆಂಡತಿ ಲೋರಿ, ಮಗ ಕಾರ್ಲ್ ಎಲ್ಲಿದ್ದಾರೋ ಎಂದು ಹುಡುಕುತ್ತ ಅಟ್ಲಾಂಟಾ ನಗರದ ಕಡೆ ಹೊರಡುತ್ತಾನೆ. ಅವರು ಸಿಗುತ್ತಾರೆ. ಆದರೆ ಗಂಡ ಸತ್ತನೆಂದು ನಂಬಿದ್ದ ಲೋರಿಯ ಮೇಲೆ ರಿಕ್‌ನ ಜೀವದ ಗೆಳೆಯ ಶೇನ್ ಕಣ್ಣಿಟ್ಟಿದ್ದಾನೆ. ಇದು ಗ್ರೀಕರ ಕವಿ ಹೋಮರನ ‘ಒಡಿಸ್ಸಿ’ಯಲ್ಲಿ ಒಡಿಸ್ಯೂಸ್ ಮನೆಗೆ ಬಂದ ಕಥೆ. ಟ್ರಾಯ್ ಯುದ್ಧಕ್ಕೆ ಹೋದವನು ಇಪ್ಪತ್ತು ವರ್ಷ ಕಳೆದು ಬಂದಾಗ ಹೆಂಡತಿ ಪೆನೆಲೊಪೆಯನ್ನು ಮದುವೆಯಾಗಲು ಬಂದವರು ಅವನ ಮನೆಯಲ್ಲೇ ಬೀಡುಬಿಟ್ಟು ಅವನ ದನ ಕುರಿಗಳನ್ನೇ ಕೊಯ್ದು ತಿನ್ನುತ್ತಿರುತ್ತಾರೆ. ಅಲ್ಲಿ ಮಗ ಟೆಲೆಮಾಕಸ್ ಬೆಳೆದು ನಿಂತು ಅಪ್ಪನ ಜೊತೆ ಆಯುಧ ಹಿಡಿಯುತ್ತಾನೆ. ಇಲ್ಲಿ ಕಾರ್ಲ್ ಇನ್ನೂ ಎಳೆಯ ಹುಡುಗ. ಅಪ್ಪನನ್ನು ಉಳಿಸಲು ಶೇನ್‌ಗೆ ಗುಂಡು ಹಾರಿಸುವವನು ಅವನೇ. ಹೋಮರನಿಗಿಂತ ಕರ್ಕ್‌ಮನ್ ಇಲ್ಲಿ ಕಟುವಾಗಿದ್ದಾರೆ. ಮಗುವಿನ ಕೈಯಿಂದ ಕೊಲೆ ಮಾಡಿಸಿದ ಮೇಲೆ ಆ ಕಥೆಗೆ ಮರಳುವ ಮನೆ ಎಂಬುದೇ ಉಳಿಯುವುದಿಲ್ಲ.

ಒಡಿಸ್ಯೂಸನ ಕಥೆ ನಮ್ಮ ಸೀಮೆಗೆ ದೂರದ್ದೇನಲ್ಲ. ಕನ್ನಡ, ತೆಲುಗು ಎರಡೂ ಬಲ್ಲ ರಾಯಚೂರಿನಲ್ಲಿ ಹಳೆಯ ಚಂದಮಾಮ ಓದಿದವರು ಇನ್ನೂ ಇದ್ದಾರೆ. ತೆಲುಗಿನ ದೊಡ್ಡ ಲೇಖಕ ಕೊಡವಟಿಗಂಟಿ ಕುಟುಂಬರಾವ್ ಅವರ ಕಾಲದ ಚಂದಮಾಮ ಹೋಮರನ ಎರಡೂ ಕಾವ್ಯಗಳನ್ನು ಚಿತ್ರಗಳ ಸಮೇತ ಧಾರಾವಾಹಿಯಾಗಿ ಹೇಳಿತ್ತು. ಹೆಸರುಗಳೆಲ್ಲ ನಮ್ಮವು. ಒಡಿಸ್ಯೂಸ್ ಅಲ್ಲಿ ರೂಪಧರ. ಗ್ರೀಸ್ ಎಲ್ಲಿದೆ ಎಂದು ಗೊತ್ತಿಲ್ಲದೆಯೂ ಒಂದು ತಲೆಮಾರು ರೂಪಧರನ ಜೊತೆ ಕಡಲು ಸುತ್ತಿ ಬಂತು.

ಇನ್ನೊಂದು ಹೋಲಿಕೆ ಹೇಳಿ ಮುಂದೆ ಹೋಗುತ್ತೇನೆ. ಹೆಣಗಳು ಕಿಕ್ಕಿರಿದ ಪಟ್ಟಣದೊಳಗೆ ಹೋಗಲು ರಿಕ್ ಮತ್ತು ಗ್ಲೆನ್ ಎಂಬ ಹುಡುಗ ಸತ್ತವರ ಮಾಂಸ, ಕರುಳನ್ನು ಮೈಗೆ ಮೆತ್ತಿಕೊಳ್ಳುತ್ತಾರೆ. ವಾಸನೆಯಿಂದ ಹೆಣಗಳು ಮೋಸಹೋಗುತ್ತವೆ. ಕಥೆ ಮುಂದುವರಿದಂತೆ ಸತ್ತವರ ಚರ್ಮವನ್ನೇ ಹೊದ್ದು, ಪಿಸುಮಾತಾಡುತ್ತ ಅವರ ನಡುವೆ ಬಾಳುವ ಒಂದು ಪಂಗಡವೇ ಬರುತ್ತದೆ. ಒಡಿಸ್ಸಿಯ ನಾಲ್ಕನೆಯ ಭಾಗದಲ್ಲಿ ಟ್ರಾಯ್‌ನಿಂದ ಮರಳುವ ಇನ್ನೊಬ್ಬ ಗ್ರೀಕ್ ರಾಜ ಮೆನೆಲಾಸ್ ಇದೇ ಕೆಲಸ ಮಾಡುತ್ತಾನೆ. ಕಡಲ ಮುದುಕ ಪ್ರೋಟಿಯಸ್‌ನನ್ನು ಹಿಡಿಯಲು ಅವನೂ ಅವನ ಗೆಳೆಯರೂ ಆಗಷ್ಟೇ ಸುಲಿದ ಸೀಲ್ ಪ್ರಾಣಿಗಳ ತೊಗಲು ಹೊದ್ದು ಮರಳಲ್ಲಿ ಮಲಗುತ್ತಾರೆ. ನಾತ ತಡೆಯಲಾಗುವುದಿಲ್ಲ. ಆಗ ದೇವತೆಯೊಬ್ಬಳು ಬಂದು ಅವರ ಮೂಗಿನ ಕೆಳಗೆ ಅಮೃತ ಹಚ್ಚುತ್ತಾಳೆ. ಚಿತ್ರಕಥೆಯಲ್ಲಿ ಅಮೃತ ಹಚ್ಚಲು ಯಾರೂ ಬರುವುದಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸತ್ತವರ ಕಥೆ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಊಟದ ಮಾತಿದೆ. ಯಾರು ಯಾರಿಗೆ ಉಣ್ಣಿಸುತ್ತಾರೆ, ಯಾರು ಯಾರನ್ನು ತಿನ್ನುತ್ತಾರೆ ಎಂಬುದರ ಸುತ್ತಲೇ ಈ ಕಥೆಗಳು ತಿರುಗುತ್ತವೆ.

ಒಡಿಸ್ಯೂಸ್ ಸತ್ತವರ ಲೋಕದ ಅಂಚಿಗೆ ಹೋದಾಗ ಕತ್ತಿಯಿಂದ ಒಂದು ಕುಣಿ ತೋಡುತ್ತಾನೆ. ಮೊದಲು ಹಾಲು ಜೇನು, ಆಮೇಲೆ ದ್ರಾಕ್ಷಾರಸ, ಆಮೇಲೆ ನೀರು ಎರೆದು ಮೇಲೆ ಬಾರ್ಲಿ ಹಿಟ್ಟು ಉದುರಿಸುತ್ತಾನೆ. ನಮ್ಮಲ್ಲಿ ಮಣ್ಣು ಮಾಡಿದ ಮೂರನೆಯ ದಿನ ಗುಂಡಿಯ ಮೇಲೆ ಹಾಲು ತುಪ್ಪ ಬಿಟ್ಟು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡೆಗೆ ಅವನು ಕುರಿ ಕೊಯ್ದು ರಕ್ತವನ್ನು ಕುಣಿಗೆ ಹರಿಸುತ್ತಾನೆ. ನೆರಳುಗಳು ಗುಂಪುಗುಂಪಾಗಿ ಮುತ್ತಿಕೊಳ್ಳುತ್ತವೆ. ಎಲ್ಲರಿಗಿಂತ ಮೊದಲು ಬರುವವನು ಒಡಿಸ್ಯೂಸನದೇ ಹಡಗಿನ ಜೊತೆಗಾರ ಎಲ್ಪೆನಾರ್. ಅವನು ಮಾಳಿಗೆಯಿಂದ ಬಿದ್ದು ಸತ್ತಿದ್ದ, ಅವಸರದಲ್ಲಿ ಯಾರೂ ಮಣ್ಣು ಮಾಡಿರಲಿಲ್ಲ. ಹಿಂದಿರುಗಿ ಹೋಗಿ ನನಗೊಂದು ದಿಬ್ಬ ಕಟ್ಟು, ಬದುಕಿದ್ದಾಗ ನಾನು ಹಿಡಿದ ಹುಟ್ಟನ್ನು ಅದರ ಮೇಲೆ ನೆಡು ಎಂದು ಬೇಡಿಕೊಳ್ಳುತ್ತಾನೆ. ತಾಯಿ ಆಂಟಿಕ್ಲಿಯಾ ಕೂಡ ಅಲ್ಲೇ ಕೂತಿದ್ದಾಳೆ. ಮಗ ಎದುರಿಗಿದ್ದರೂ ಅವಳಿಗೆ ಗುರುತಿಲ್ಲ. ರಕ್ತ ಕುಡಿದ ಮೇಲೆ ಗುರುತು ಮರಳುತ್ತದೆ, ಮಾತು ಬರುತ್ತದೆ. ತಬ್ಬಿಕೊಳ್ಳಲು ಅವನು ಮೂರು ಸಲ ಕೈ ಚಾಚುತ್ತಾನೆ, ಮೂರು ಸಲವೂ ಅವಳು ಕೈಗೆ ಸಿಗುವುದಿಲ್ಲ.

ಈ ಭಾಗವನ್ನು ಓದಿದ ಮೇಲೆ ಜಾಂಬಿಯ ಭಯ ಎಲ್ಲಿದೆ ಎಂದು ನನಗೆ ತಿಳಿಯಿತು. ಹೋಮರನ ಸತ್ತವರಿಗೆ ಮೈ ಇಲ್ಲ, ಆದರೆ ಒಂದು ಗುಟುಕು ಕೊಟ್ಟರೆ ನೆನಪು ಮರಳುತ್ತದೆ. ಜಾಂಬಿಗೆ ಮೈ ಇದೆ, ಎಷ್ಟು ತಿಂದರೂ ನೆನಪು ಬರುವುದಿಲ್ಲ. ಹೆತ್ತ ತಾಯಿ ಎದುರು ನಿಂತಿದ್ದಾಳೆ, ಅವಳಿಗೆ ನೀವು ಮಗನಲ್ಲ, ಬರೀ ತಿನ್ನುವ ಪದಾರ್ಥ. ಇದಕ್ಕಿಂತ ದೊಡ್ಡ ಅನಾಥತನವನ್ನು ನಾನು ಕಲ್ಪಿಸಿಕೊಳ್ಳಲಾರೆ.

ಹಳೆಯ ಜಾಂಬಿ ಹೀಗಿರಲಿಲ್ಲ ಎಂಬುದನ್ನೂ ಹೇಳಬೇಕು. ಫ್ರೆಂಚರ ಕೈಕೆಳಗಿದ್ದ ಹೈಟಿಯಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನರನ್ನು ಕಬ್ಬಿನ ತೋಟಗಳಲ್ಲಿ ದುಡಿಸುತ್ತಿದ್ದರು. ಆ ನಾಡಿನ ನಂಬಿಕೆಯಲ್ಲಿ ಮಂತ್ರಗಾರನೊಬ್ಬ ಗೋರಿಯಿಂದ ಎಬ್ಬಿಸಿ ತಂದು ಹೊಲದಲ್ಲಿ ದುಡಿಸುವ ಹೆಣವೇ ಜಾಂಬಿ. ಅದು ಯಾರನ್ನೂ ತಿನ್ನುವುದಿಲ್ಲ. ಅಲ್ಲಿನವರ ಭಯ ಸತ್ತ ಮೇಲೂ ಜೀತ ತಪ್ಪದು ಎಂಬುದು. ಜೀತವನ್ನು ಕಂಡ ನಮ್ಮ ಜಿಲ್ಲೆಯವರಿಗೆ ಆ ಭಯದ ಆಳ ಗೊತ್ತಾಗುತ್ತದೆ. ಅಲ್ಲೂ ಊಟದ ಮಾತಿದೆ, ಕೇಳಿ. ಜಾಂಬಿಗೆ ಉಪ್ಪು ತಿನ್ನಿಸಬಾರದು. ಒಂದು ಹರಳು ಉಪ್ಪು ನಾಲಿಗೆಗೆ ತಾಕಿದರೆ ಸಾಕು, ತಾನು ಸತ್ತಿದ್ದೇನೆಂದು ಅದಕ್ಕೆ ನೆನಪಾಗುತ್ತದೆ, ದಣಿಯನ್ನು ಬಿಟ್ಟು ತನ್ನ ಗೋರಿಗೆ ನಡೆದುಬಿಡುತ್ತದೆ. ಜಾಂಬಿಯನ್ನು ನರಮಾಂಸ ತಿನ್ನುವ ಪಿಶಾಚಿಯಾಗಿ ತಿರುಗಿಸಿದ್ದು 1968ರಲ್ಲಿ ಜಾರ್ಜ್ ರೊಮೆರೊ ತೆಗೆದ ಅಮೆರಿಕದ ಸಿನಿಮಾ. ದುಡಿಯುವವನ ಸಂಕಟ ಹೋಗಿ ತಿನ್ನುವವನ ಹಸಿವು ಬಂದು ಕೂತಿತು.

ಗ್ರೀಕರು ಸತ್ತವರಿಗೆ ವರ್ಷಕ್ಕೊಮ್ಮೆ ಊಟ ಹಾಕುತ್ತಿದ್ದರು. ಅಥೆನ್ಸಿನ ಆಂಥೆಸ್ಟೀರಿಯ ಹಬ್ಬದ ಮೂರನೆಯ ದಿನ ಎಲ್ಲ ಬಗೆಯ ಕಾಳುಗಳನ್ನು ಒಂದೇ ಮಡಕೆಯಲ್ಲಿ ಬೇಯಿಸಿ ಇಡುವುದು, ಆಮೇಲೆ ಹಬ್ಬ ಮುಗಿಯಿತು, ಹೊರಡಿ ಎಂದು ಕೂಗಿ ಅವರನ್ನು ಕಳಿಸುವುದು. ಮಹಾಲಯ ಅಮಾವಾಸ್ಯೆಗೆ ಹಿರಿಯರ ಹೆಸರಲ್ಲಿ ಬಟ್ಟೆ ಇಟ್ಟು, ಅವರು ಇಷ್ಟಪಡುತ್ತಿದ್ದ ಅಡಿಗೆ ಮಾಡಿ ಎಡೆ ಇಡುವ ನಮ್ಮ ಮನೆಗಳಲ್ಲಿ ಆಗುವುದೂ ಇದೇ. ಸತ್ತವರು ಬರಲಿ, ಉಣ್ಣಲಿ, ಹೋಗಲಿ. ಮಹಾಭಾರತದ ಆಶ್ರಮವಾಸಿಕ ಪರ್ವದಲ್ಲಿ ವ್ಯಾಸರು ಕುರುಕ್ಷೇತ್ರದಲ್ಲಿ ಸತ್ತವರನ್ನೆಲ್ಲ ಗಂಗೆಯಿಂದ ಒಂದು ರಾತ್ರಿಯ ಮಟ್ಟಿಗೆ ಎಬ್ಬಿಸುತ್ತಾರೆ. ಕರ್ಣ, ದುರ್ಯೋಧನ, ಅಭಿಮನ್ಯು ಎಲ್ಲರೂ ಹಗೆ ಮರೆತು ತಮ್ಮವರನ್ನು ಕಂಡು, ಬೆಳಗಾಗುವಷ್ಟರಲ್ಲಿ ಮತ್ತೆ ನೀರಿಗಿಳಿಯುತ್ತಾರೆ. ಹೋಗಬೇಕಾದವರು ಹೋಗದಿದ್ದರೆ ಏನಾಗುತ್ತದೆ ಎಂಬುದೇ ‘ವಾಕಿಂಗ್ ಡೆಡ್’.

ಆ ಚಿತ್ರಕಥೆಯಲ್ಲಿ ಹೋಗಗೊಡದ ಇಬ್ಬರು ಅಪ್ಪಂದಿರಿದ್ದಾರೆ. ಹರ್ಷೆಲ್ ಎಂಬ ರೈತ ಸತ್ತು ಎದ್ದ ತನ್ನ ಮಗನನ್ನೂ ನೆರೆಯವರನ್ನೂ ಕೊಟ್ಟಿಗೆಯಲ್ಲಿ ಕೂಡಿಹಾಕಿದ್ದಾನೆ. ಇದು ಯಾವುದೋ ರೋಗ, ಒಂದು ದಿನ ವಾಸಿಯಾಗುತ್ತದೆ ಎಂದು ನಂಬಿದ್ದಾನೆ. ಅವನ ಮೇಲೆ ಸಿಟ್ಟು ಬರುವುದಿಲ್ಲ. ಇನ್ನೊಬ್ಬ ಗವರ್ನರ್ ಎಂದು ಕರೆಸಿಕೊಳ್ಳುವ ಕ್ರೂರಿ. ಪೆನ್ನಿ ಎಂಬ ಪುಟ್ಟ ಹುಡುಗಿಯನ್ನು, ಮಗಳೆಂದೇ ಅವನು ಕರೆಯುವವಳನ್ನು, ಮನೆಯಲ್ಲಿ ಸರಪಳಿ ಹಾಕಿ ಇಟ್ಟುಕೊಂಡು ಮನುಷ್ಯರ ಮಾಂಸ ತಿನ್ನಿಸುತ್ತಾನೆ. ಗ್ರೀಕರ ಡಿಮೀಟರ್ ದೇವಿಯ ಮಗಳು ಪರ್ಸೆಫೊನೆಯನ್ನು ಸತ್ತವರ ದೊರೆ ಹೇಡಿಸ್ ಎತ್ತಿಕೊಂಡು ಹೋದ. ತಾಯಿ ದುಃಖದಲ್ಲಿ ಭೂಮಿಯ ಬೆಳೆಯನ್ನೇ ನಿಲ್ಲಿಸಿದಳು. ಮಗಳು ಅಲ್ಲಿ ದಾಳಿಂಬೆಯ ಕಾಳು ತಿಂದುಬಿಟ್ಟಿದ್ದರಿಂದ ಪೂರ್ತಿ ಮರಳುವಂತಿರಲಿಲ್ಲ. ಕಡೆಗೆ ವರ್ಷದಲ್ಲಿ ಕೆಲವು ತಿಂಗಳು ಅಲ್ಲಿ, ಉಳಿದ ತಿಂಗಳು ಇಲ್ಲಿ ಎಂದು ಒಪ್ಪಂದವಾಯಿತು. ಡಿಮೀಟರ್ ಸಾವಿನೊಡನೆ ಒಪ್ಪಂದಕ್ಕೆ ಬಂದಳು, ಲೋಕಕ್ಕೆ ಬೆಳೆ ಬಂತು. ಗವರ್ನರ್ ಒಪ್ಪಂದಕ್ಕೆ ಬರಲಿಲ್ಲ, ಅವನ ಮಗಳ ತುತ್ತಿಗಾಗಿ ಬೇರೆಯವರ ಮಕ್ಕಳು ಸಾಯಬೇಕಾಯಿತು.

ಹೆಣಗಳು ತಿನ್ನುವುದು ಹಾಗಿರಲಿ, ಬದುಕಿದವರೇ ಬದುಕಿದವರನ್ನು ತಿನ್ನುವ ಭಾಗವೂ ಅಲ್ಲಿದೆ. ಬೇಟೆಯಾಡಲು ಬರದ ಒಂದು ಗುಂಪು ಮನುಷ್ಯರನ್ನೇ ಬೇಟೆಯಾಡುತ್ತದೆ. ಹಸಿವು ತಾಳದೆ ಮೊದಲು ತಿಂದದ್ದು ತಮ್ಮ ಮಕ್ಕಳನ್ನೇ ಎಂದು ಅವರು ಒಪ್ಪಿಕೊಳ್ಳುತ್ತಾರೆ. ಗ್ರೀಕರ ಟ್ಯಾಂಟಲಸ್ ತನ್ನ ಮಗ ಪೆಲಾಪ್ಸ್‌ನನ್ನು ಕೊಂದು ಬೇಯಿಸಿ ದೇವತೆಗಳಿಗೆ ಬಡಿಸಿದ. ಮಗಳ ಚಿಂತೆಯಲ್ಲಿದ್ದ ಡಿಮೀಟರ್ ಮಾತ್ರ ಅರಿಯದೆ ಭುಜದ ತುಂಡು ತಿಂದಳು. ದೇವತೆಗಳು ಹುಡುಗನನ್ನು ಬದುಕಿಸಿ, ಹೋದ ಭುಜಕ್ಕೆ ಆನೆದಂತದ ಭುಜ ಕೂಡಿಸಿದರು. ಟ್ಯಾಂಟಲಸ್‌ಗೆ ಸಿಕ್ಕ ಶಿಕ್ಷೆ ಎಂದೂ ತೀರದ ಹಸಿವು ಬಾಯಾರಿಕೆ. ಇದನ್ನು ಕೇಳುವಾಗ ನಮ್ಮ ಸಿರಿಯಾಳ ಶೆಟ್ಟಿ, ಚೆಂಗಳೆಯರ ಕಥೆ ನೆನಪಾಗದೆ ಇದ್ದೀತೆ? ಜಂಗಮನಾಗಿ ಬಂದ ಶಿವ ಅವರ ಮಗನ ಮಾಂಸವೇ ಬೇಕೆಂದು ಹಟ ಹಿಡಿದ, ಅವರು ಕೊಟ್ಟರು. ಎರಡು ಕಥೆಗಳ ನಡುವೆ ದೊಡ್ಡ ಅಂತರವಿದೆ. ಟ್ಯಾಂಟಲಸ್ ದೇವರನ್ನು ಪರೀಕ್ಷಿಸಲು ಹೊರಟವನು, ಸಿರಿಯಾಳನನ್ನು ಪರೀಕ್ಷಿಸಿದ್ದು ದೇವರು. ಅಲ್ಲದೆ ನಮ್ಮ ಕಥೆಯಲ್ಲಿ ಶಿವ ಒಬ್ಬನೇ ಉಣ್ಣಲು ಒಪ್ಪುವುದಿಲ್ಲ. ಮಗನೂ ಪಂಕ್ತಿಗೆ ಬರಬೇಕು ಎನ್ನುತ್ತಾನೆ. ತಾಯಿ ಹೊರಗೆ ನಿಂತು ಕೂಗುತ್ತಾಳೆ, ಮಗ ಚಿಲಾಳ ಓಡಿ ಬರುತ್ತಾನೆ. ಆದರೂ ಆ ತಾಯಿ ಅಡಿಗೆ ಮನೆಯಲ್ಲಿ ಕಳೆದ ಹೊತ್ತನ್ನು ನೆನೆದರೆ ನನಗೆ ಇಂದಿಗೂ ಕಸಿವಿಸಿ.

ಇಂಥ ಕಥೆಗಳನ್ನು ಬರೀ ಕಲ್ಪನೆ ಎಂದು ತಳ್ಳಿಹಾಕಲು ನಮ್ಮ ಸೀಮೆಯ ಇತಿಹಾಸ ಬಿಡುವುದಿಲ್ಲ. 1791–92ರಲ್ಲಿ ದಖ್ಖನ್ನಿಗೆ ಬಿದ್ದ ಬರಕ್ಕೆ ತಲೆಬುರುಡೆಯ ಬರ ಎಂದೇ ಹೆಸರು. ಸುಡುವವರು, ಹೂಳುವವರು ಇಲ್ಲದೆ ಹೊಲಗಳಲ್ಲಿ, ದಾರಿಗಳಲ್ಲಿ ಎಲುಬುಗಳು ಬೆಳ್ಳಗೆ ಬಿದ್ದಿದ್ದವು. 1876ರಿಂದ 78ರವರೆಗಿನ ಮಹಾಬರ ರಾಯಚೂರು, ಬಳ್ಳಾರಿ ಸೀಮೆಯನ್ನು ಮತ್ತೊಮ್ಮೆ ಹಿಂಡಿತು. ಈಗ ತುಂಗಭದ್ರೆಯ ಎಡದಂಡೆ ಕಾಲುವೆ ಮಾನ್ವಿಗೆ, ನಾರಾಯಣಪುರದ ಬಲದಂಡೆ ಕಾಲುವೆ ದೇವದುರ್ಗಕ್ಕೆ ನೀರು ಕೊಡುತ್ತಿವೆ. ನೀರು ತಲುಪದ ಊರುಗಳಿಂದ ಮಕ್ಕಳು ಮರಿ ಕಟ್ಟಿಕೊಂಡು ಬೆಂಗಳೂರು, ಹೈದರಾಬಾದಿಗೆ ಗುಳೆ ಹೋಗುವುದು ನಿಂತಿಲ್ಲ. ಪಾತ್ರೆ, ಹಾಸಿಗೆ ಹೇರಿಕೊಂಡು ಇಂದು ರಾತ್ರಿ ಎಲ್ಲಿ ಮಲಗುವುದು ಎಂದು ಗೊತ್ತಿಲ್ಲದೆ ನಡೆಯುವ ರಿಕ್‌ನ ಗುಂಪನ್ನು ದೇವದುರ್ಗದ ಹುಡುಗನೊಬ್ಬ ನೋಡಿದರೆ ಅವನಿಗೆ ಅದು ಪರದೇಶದ ಚಿತ್ರವಾಗಿ ಕಾಣಲಾರದು.

ಇನ್ನು ನಮ್ಮ ಕಥೆ. ಮಾನ್ವಿ ತಾಲೂಕಿನ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದವರು ವಿಜಯದಾಸರು. ದೇವದುರ್ಗ ತಾಲೂಕಿನ ಮೊಸರಕಲ್ಲಿನಲ್ಲಿ ಹುಟ್ಟಿದ ಭಾಗಣ್ಣ ಅವರ ಶಿಷ್ಯರಾಗಿ ಗೋಪಾಲದಾಸರಾದರು. ಮಾನ್ವಿ ತಾಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಸಂಸ್ಕೃತದ ದೊಡ್ಡ ಪಂಡಿತರು. ಕನ್ನಡದಲ್ಲಿ ಪದ ಕಟ್ಟಿ ಹಾಡುವ ದಾಸರೆಂದರೆ ಅವರಿಗೆ ಅಷ್ಟಕ್ಕಷ್ಟೆ. ದಾಸಪರಂಪರೆ ಹೇಳುವ ಕಥೆಯಂತೆ, ವಿಜಯದಾಸರು ಅವರನ್ನು ಊಟಕ್ಕೆ ಕರೆದರು. ಪಂಡಿತರಿಗೆ ಆ ಪಂಕ್ತಿಯಲ್ಲಿ ಕೂರಲು ಮನಸ್ಸಿಲ್ಲ. ಹೊಟ್ಟೆನೋವು, ಬರಲಾರೆ ಎಂದು ಹೇಳಿ ಕಳಿಸಿದರು. ಹೇಳಿದ ನೆಪವೇ ನಿಜವಾಯಿತು. ತಿಂದದ್ದು ದಕ್ಕದೆ ದಿನದಿನಕ್ಕೆ ಸೊರಗಿ ಸಾವಿನ ಹತ್ತಿರಕ್ಕೆ ಹೋದರು. ಕಡೆಗೆ ವಿಜಯದಾಸರ ಬಳಿಗೇ ಬಂದಾಗ ಅವರು ಉತ್ತನೂರಿನಲ್ಲಿದ್ದ ಗೋಪಾಲದಾಸರ ಹತ್ತಿರ ಕಳಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಅವರಿಗೆ ಧಾರೆಯೆರೆದರು. ಧನ್ವಂತರಿಯನ್ನು ಬೇಡಿ ಗೋಪಾಲದಾಸರು ಕಟ್ಟಿದ ಪದವನ್ನು ಇಂದಿಗೂ ಕಾಯಿಲೆ ಬಿದ್ದವರ ಮನೆಗಳಲ್ಲಿ ಹೇಳುತ್ತಾರೆ. ಆ ಆಯುಷ್ಯವನ್ನು ಜೋಳದ ರೊಟ್ಟಿಯಲ್ಲಿಟ್ಟು ಕೊಟ್ಟರು ಎಂದು ಹೇಳುವವರಿದ್ದಾರೆ. ಊಟಕ್ಕೆ ಬರಲಾರೆ ಎಂದಾಗ ಹೋದ ಜೀವ, ಕೊಟ್ಟ ರೊಟ್ಟಿ ತಿಂದಾಗ ಮರಳಿತು.

ಗ್ರೀಕರಲ್ಲಿ ಇದಕ್ಕೆ ಹತ್ತಿರವಾದದ್ದು ಆಲ್ಸೆಸ್ಟಿಸ್ ಎಂಬ ರಾಣಿಯ ಕಥೆ. ಯೂರಿಪಿಡಿಸ್ ಕ್ರಿಸ್ತಪೂರ್ವ 438ರಲ್ಲಿ ಅಥೆನ್ಸಿನ ರಂಗದ ಮೇಲೆ ಅದನ್ನು ತಂದ. ವೈದ್ಯದೇವತೆ ಅಸ್ಕ್ಲೀಪಿಯಸ್, ಅವರ ಧನ್ವಂತರಿ ಎನ್ನಬಹುದು, ಸತ್ತವರನ್ನು ಬದುಕಿಸತೊಡಗಿದಾಗ ದೇವತೆಗಳ ದೊರೆ ಸ್ಯೂಸ್ ಅವನನ್ನು ಸಿಡಿಲು ಹೊಡೆದು ಕೊಂದ. ಅಸ್ಕ್ಲೀಪಿಯಸ್‌ನ ತಂದೆ ಅಪೊಲೊ ಸಿಟ್ಟಿನಲ್ಲಿ ಸಿಡಿಲು ಮಾಡಿಕೊಟ್ಟವರನ್ನು ಕೊಂದ, ಅದರ ದಂಡವಾಗಿ ಅವನು ಅಡ್ಮೀಟಸ್ ಎಂಬ ರಾಜನ ಮನೆಯಲ್ಲಿ ಆಳಾಗಿ ದುಡಿಯಬೇಕಾಯಿತು. ರಾಜ ಅವನನ್ನು ಮರ್ಯಾದೆಯಿಂದ ನೋಡಿಕೊಂಡ. ಅದಕ್ಕೆ ಪ್ರತಿಯಾಗಿ ಅಪೊಲೊ ಕೊಟ್ಟ ವರ: ನಿನ್ನ ಸಾವಿನ ದಿನ ಬೇರೆ ಯಾರಾದರೂ ನಿನ್ನ ಬದಲು ಸಾಯಲು ಒಪ್ಪಿದರೆ ನೀನು ಉಳಿಯುವೆ. ಮುದಿ ತಂದೆ ತಾಯಿ ಒಪ್ಪಲಿಲ್ಲ. ಹೆಂಡತಿ ಆಲ್ಸೆಸ್ಟಿಸ್ ಒಪ್ಪಿದಳು. ಅವಳ ಶವ ಹೊರಡುವ ಹೊತ್ತಿಗೆ ಮಹಾವೀರ ಹೆರಾಕ್ಲೀಸ್ ಅತಿಥಿಯಾಗಿ ಬಂದ. ಬಂದವನನ್ನು ಉಪವಾಸ ಕಳಿಸಬಾರದೆಂದು ಅಡ್ಮೀಟಸ್ ಸಾವನ್ನು ಮುಚ್ಚಿಟ್ಟು ಊಟ ಹಾಕಿಸಿದ. ವಿಷಯ ತಿಳಿದ ಹೆರಾಕ್ಲೀಸ್ ನಾಚಿ, ಗೋರಿಯ ಬಳಿ ಸಾವಿನೊಡನೆ ಕುಸ್ತಿ ಹಿಡಿದು ಅವಳನ್ನು ಬಿಡಿಸಿ ತಂದ.

ಎರಡನ್ನೂ ತೂಗಿ ನೋಡಿದರೆ ನನ್ನ ಮನಸ್ಸು ಮೊಸರಕಲ್ಲಿನ ಕಡೆಗೇ ವಾಲುತ್ತದೆ. ಅಡ್ಮೀಟಸ್ ತನ್ನ ಸಲುವಾಗಿ ಇನ್ನೊಬ್ಬರ ಜೀವ ಕೇಳಿದ. ಗೋಪಾಲದಾಸರನ್ನು ಹೆಂಡತಿ ಮಕ್ಕಳು ಕೇಳಿದ್ದಲ್ಲ. ಎದುರಿಗೆ ಬಂದವನು ಅವರ ಗುರುವನ್ನು ಹೀಗಳೆದವನು. ಅಂಥವನಿಗೆ ಅವರು ಕೊಟ್ಟರು. ಅವರನ್ನು ಬಿಡಿಸಿ ತರಲು ಯಾವ ಹೆರಾಕ್ಲೀಸನೂ ಬರಲಿಲ್ಲ. 1762ರಲ್ಲಿ, ನಲವತ್ತರ ಆಸುಪಾಸಿನಲ್ಲೇ, ಅವರು ತೀರಿಕೊಂಡರು. ಬದುಕಿದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾಗಿ, ಎಂಬತ್ತು ದಾಟಿ 1809ರವರೆಗೆ ಬಾಳಿದರು. ತಾವು ಹಗುರವಾಗಿ ಕಂಡಿದ್ದ ಕನ್ನಡದಲ್ಲೇ, ಭಾಮಿನಿ ಷಟ್ಪದಿಯಲ್ಲಿ, 32 ಸಂಧಿಗಳ ಹರಿಕಥಾಮೃತಸಾರ ಬರೆದರು. ತಲೆಬುರುಡೆಯ ಬರ ಬಿದ್ದ ವರ್ಷಗಳಲ್ಲಿ ಅವರಿಗೆ ಅರವತ್ತು ಮೀರಿತ್ತು.

ಹಿರಿಯರ ಪ್ರಶ್ನೆಗೆ ನಾನು ಕೊಡುವ ಉತ್ತರ ಇದು. ಮಕ್ಕಳು ಜಾಂಬಿ ಕಥೆ ಓದುವಾಗ ತಡೆಯಬೇಡಿ. ಅಲ್ಲಿ ಯಾರು ಯಾರೊಡನೆ ಕೂತು ಉಣ್ಣುತ್ತಾರೆ ಎಂದು ಕೇಳಿ. ಆಮೇಲೆ ಮೊಸರಕಲ್ಲಿನವರ ಕಥೆ ಹೇಳಿ. ಕನ್ನಡಕ್ಕೆ ಚಿತ್ರಕಥೆಯ ಕಲೆ ಹೊಸದೂ ಅಲ್ಲ. ಬೆಂಗಳೂರಿನ ಜಿ.ಕೆ. ಅನಂತಕೃಷ್ಣ ಅವರ ಮುತುವರ್ಜಿಯಿಂದ 1965ರಲ್ಲಿ ಅಮರ ಚಿತ್ರಕಥೆ ಮೊದಲು ಹೊರಬಂದದ್ದೇ ಕನ್ನಡದಲ್ಲಿ. ಗೋಪಾಲದಾಸ, ಜಗನ್ನಾಥದಾಸರ ಕಥೆಯನ್ನು ಕಪ್ಪು ಬಿಳುಪಿನಲ್ಲಿ, ಆಡ್ಲರ್ಡ್ ಬರೆದಷ್ಟೇ ಗಟ್ಟಿಯಾಗಿ ಬರೆಯಬಲ್ಲ ಕೈ ನಮ್ಮ ಶಾಲೆಗಳಲ್ಲೂ ಇದ್ದಾವು. ಅವರಿಗೆ ನಾನು ಹೇಳುವುದು ಇಷ್ಟೆ: ಗೆರೆ ಎಳೆಯುವ ಮೊದಲು ಚೀಕಲಪರ್ವಿಯ ಹೊಳೆದಂಡೆ, ಬ್ಯಾಗವಾಟ, ಮೊಸರಕಲ್ಲು ಮೂರನ್ನೂ ಕಣ್ಣಾರೆ ನೋಡಿ ಬನ್ನಿ, ದಾಸರ ಪದ ಹಾಡುವ ಅಜ್ಜಿಯರು ಸಿಕ್ಕರೆ ರೊಟ್ಟಿಯ ಕಥೆಯನ್ನು ಅವರ ಬಾಯಿಂದಲೇ ಹೇಳಿಸಿ ಕೇಳಿ.